ಮಾಳಿಗೆಯ ತುಳಸಜ್ಜಿ

ಒದ್ದೆ ಗೋಣಿಯೊಳಗಿನ ಹರಳುಪ್ಪು, ಅದರ ಪಕ್ಕ ಚಾಪೆಯ ಮೇಲೆ ಹರವಿದ ಮುರುಗಲ ಸಿಪ್ಪೆ, ಹಂಚಿನ ಸಂದಿಯಿಂದ ಇಳಿಯುವ ಬಿಸಿಲಿಗೆ ಕಾದ ಹಲಸಿನ ಹಲಗೆ. ಈ ಮೂರೂ ಕೂಡಿದ ವಾಸನೆಯೊಂದಿತ್ತು. ಕಲಾವತಿಗೆ ಮಾಳಿಗೆಯೆಂದರೆ ಅದೇ. ಏಳೆಂಟು ವರ್ಷದವಳಿದ್ದಾಗ, ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾದ ಹೊತ್ತು ನೋಡಿ ಮೆಟ್ಟಿಲು ಹತ್ತಿ ಹೋಗಿ ಗೋಣಿಗೆ ಮೂಗು ಒತ್ತಿ ನಿಲ್ಲುತ್ತಿದ್ದಳು. ಕೆಳಗಿಳಿದರೆ ಅವಳ ಅಜ್ಜಿಗೆ ಮೂಗಿನ ತುದಿಯ ಉಪ್ಪು ಕಾಣುತ್ತಿತ್ತು. ಅಜ್ಜಿ ಬೈಯುತ್ತಿರಲಿಲ್ಲ. ಸೆರಗಿನ ತುದಿಯಿಂದ ಒರೆಸಿ, ಯಾರಿಗೂ ಹೇಳದೆ ಸುಮ್ಮನಾಗುತ್ತಿದ್ದಳು.

ಈಗ ಅಲ್ಲಿ ವಾರ್ನಿಶ್ ವಾಸನೆ. ಅದರ ಮೇಲೆ ಮಗ ಭರತ ದಿನಕ್ಕೆರಡು ಸಲ ಹೊಡೆಯುವ ನಿಂಬೆಹಣ್ಣಿನ ಸ್ಪ್ರೇ. ಉಪ್ಪಿನ ಗೋಣಿ ಇದ್ದ ಮೂಲೆಯಲ್ಲಿ ಜೋಡಿ ಮಂಚ, ಬಿಳಿ ಹಾಸು, ಬಾಗಿಲ ಮೇಲೆ ಮರದ ಫಲಕ: ‘ತುಳಸು’.

ಭಾವಿಕೇರಿಯ ಗದ್ದೆಯಂಚಿನ ಆ ಚಿರೆಕಲ್ಲಿನ ಮನೆಯನ್ನು ಕಟ್ಟಿಸಿದವನು ಕಲಾವತಿಯ ಮುತ್ತಜ್ಜ. ಸುತ್ತಲಿನ ನಾಲ್ಕು ಕೇರಿಗಳಲ್ಲಿ ಆಗ ಮಾಳಿಗೆ ಇದ್ದದ್ದು ಅದೊಂದಕ್ಕೇ ಆದ್ದರಿಂದ ಮನೆಗೆ ಮಾಳಿಗೆಮನೆ ಎಂಬ ಹೆಸರು ಬಿತ್ತು. ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಹಳ್ಳದ ಬದಿಗೆ ಕದ್ದು ಕಾಯಿಸಿದ ಉಪ್ಪು ರಾತ್ರೋರಾತ್ರಿ ಬಂದು ಸೇರುತ್ತಿದ್ದದ್ದು ಈ ಮಾಳಿಗೆಗೆ. ಕಲಾವತಿ ಮನೆಗೆ ಒಬ್ಬಳೇ ಮಗಳು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದ ಸೋಮು ಮಾಸ್ತರರು ಮನೆ ಅಳಿಯನಾಗಿ ಬಂದು, ನಿವೃತ್ತರೂ ಆಗಿ, ಇನ್ನೂ ‘ನಿಮ್ಮ ಮನೆ’ ಎಂದೇ ಹೇಳುತ್ತಿದ್ದರು. ಭರತ ಗೋವಾದ ಹೋಟೆಲೊಂದರಲ್ಲಿ ಒಂಬತ್ತು ವರ್ಷ ದುಡಿದು, ಕಂಡವರ ಹೋಟೆಲಿನ ಹಾಸು ಮಡಚಿದ್ದು ಸಾಕೆಂದು ಹೆಂಡತಿ ರಂಜನಾ, ಮಗಳು ದೀಕ್ಷಾ ಇಬ್ಬರನ್ನೂ ಕರೆದುಕೊಂಡು ಬಂದು, ಮನೆಯ ನಾಲ್ಕು ಕೋಣೆಗಳನ್ನು ಹೋಮ್‌ಸ್ಟೇ ಮಾಡಿದ್ದ. ಮೊದಲ ಎಂಟು ತಿಂಗಳು ಬಂದವರು ಬೆರಳೆಣಿಕೆಯ ಜನ. ದೀಪಾವಳಿ ಕಳೆದದ್ದೇ ಏನಾಯಿತೋ, ಒಮ್ಮೆಲೇ ಫೋನು ಹೊಡೆದುಕೊಳ್ಳತೊಡಗಿತು. ಎಲ್ಲರೂ ಕೇಳುತ್ತಿದ್ದದ್ದು ಮಾಳಿಗೆಯ ಕೋಣೆಯನ್ನೇ.

ಏಕೆಂದು ಕಲಾವತಿಗೆ ಗೊತ್ತಾದದ್ದು ಒಂದು ಸಂಜೆ, ಹುಬ್ಬಳ್ಳಿಯಿಂದ ಬಂದ ಗಂಡಹೆಂಡತಿಗೆ ಚಹಾ ಮತ್ತು ಬನ್ಸು ತಟ್ಟೆಯಲ್ಲಿಟ್ಟುಕೊಂಡು ಜಗಲಿಯ ಬಾಗಿಲ ಹಿಂದೆ ಬಂದಾಗ. ಭರತ ಕುರ್ಚಿಯ ತುದಿಗೆ ಕೂತು ಸಣ್ಣ ದನಿಯಲ್ಲಿ ಹೇಳುತ್ತಿದ್ದ.

“ತುಳಸು ಮೀನು ಬುಟ್ಟಿಯ ಅಡಿಗೆ ಉಪ್ಪು ಇಟ್ಟು ತರ್ತಿದ್ದಳು. ಪೊಲೀಸರು ಹಿಡಿದು ಮೊಣಕಾಲು ಮುರಿದ್ರು. ಇದೇ ಮಾಳಿಗೆಯಲ್ಲಿ ಕೂಡಿ ಹಾಕಿದ್ರು. ನೀರಿಲ್ಲ, ಅನ್ನ ಇಲ್ಲ. ಹನ್ನೊಂದನೇ ದಿವಸ ಸತ್ತಳು. ಈಗಲೂ ನಡೀತಾಳೆ. ನಮಗೆಲ್ಲ ಕೇಳ್ತದೆ. ಒಂದು ಕಾಲು ಊರಿ... ಟಕ್. ಸ್ವಲ್ಪ ಹೊತ್ತು ಬಿಟ್ಟು... ಟಕ್.”

ಹುಬ್ಬಳ್ಳಿಯ ಹೆಂಗಸು ಗಂಡನ ತೋಳು ಹಿಡಿದುಕೊಂಡಳು. ಬಾಗಿಲ ಹಿಂದೆ ಕಲಾವತಿ ಕಿವಿಗೊಟ್ಟಳು. ಆ ‘ಟಕ್’, ನಡುವೆ ಉಸಿರು ಹಿಡಿದು ಬಿಡುವ ಆ ರೀತಿ, ಅದು ಕಲಾವತಿಯದೇ.

ಅತಿಥಿಗಳ ಊಟ ಮುಗಿದು ಮನೆಯವರು ಅಡುಗೆಮನೆಯಲ್ಲಿ ಕೂತಾಗ ಅವಳು ಕೇಳಿದಳು. “ಭರತಾ, ತುಳಸಜ್ಜಿ ಕತೆ ಯಾರು ಹೇಳಿದ್ರು ನಿಂಗೆ?”

ಭರತ ಬಂಗಡೆಯ ಮುಳ್ಳು ಬಿಡಿಸುತ್ತ ನಕ್ಕ. “ನೀನೇ ಅಲ್ಲನೆ ಅವ್ವ! ಸಣ್ಣವಿರುವಾಗ ಮೆಟ್ಲ ಹತ್ರ ಹೋದ್ರೆ ಸಾಕು, ‘ಅಕಾ, ತುಳಸಜ್ಜಿ ಬಂತು, ಕಾಲು ಎಳ್ಕಂಡು ಬಂತು, ಟಕ್’ ಅಂಬುದು. ನಾ ಚಡ್ಡೀಲೇ ಉಚ್ಚೆ ಹೊಯ್ದದ್ದು ಮರ್ತ್ಯಾ?”

“ಹಲಗೆ ಕುಂಬಾಗಿ ಮುರಿಯೂ ಹಾಂಗಿತ್ತು. ನೀ ಹತ್ತಿ ಬಿದ್ದು ಸತ್ತ್ಹೋಗ್ತೆ ಅಂತ ಹೇಳಿದ್ದು ನಾನು. ಎಂತಾದ್ರೂ ಒಂದು ಹೇಳ್ಬೇಕಿತ್ತು.”

“ಆ ‘ಎಂತಾದ್ರೂ ಒಂದು’ ಈಗ ನಮ್ಮನೆ ನಡೆಸ್ತಾ ಇದ್ದು.”

ಸೋಮು ಮಾಸ್ತರರು ತಟ್ಟೆಯಿಂದ ತಲೆಯೆತ್ತಿದರು. “ಅವಳು ಸತ್ತದ್ದು ಎಪ್ಪತ್ತೊಂಬತ್ತನೇ ಇಸವಿಯಲ್ಲಿ. ಸಮುದ್ರದ ಬದಿಯ ತನ್ನ ಮನೆಯಲ್ಲಿ. ಬಂದವರಿಗೆ ಹೇಳು ಅಂತ ನಾನು ಎರಡು ಪುಟ ಬರೆದು ಕೊಟ್ಟಿದ್ದೆನಲ್ಲ, ಅದೆಂತಾಯ್ತು?”

“ಅಪ್ಪಾ, ನಿನ್ನ ಎರಡು ಪುಟದಲ್ಲಿ ಹದಿನಾಲ್ಕು ಇಸವಿ ಇತ್ತು. ಜನ ರಜೆಗೆ ಬರೂದು, ಪರೀಕ್ಷೆಗಲ್ಲ.”

ರಂಜನಾ ನಗು ತಡೆಯಲಾರದೆ ನೀರು ಕುಡಿದಳು. ಮಾಸ್ತರರು ಕೂಡ ಮೀಸೆಯೊಳಗೆ ನಕ್ಕರು. ಕಲಾವತಿ ಮಾತ್ರ ಬಡಿಸುವ ಸೌಟು ಹಿಡಿದೇ ನಿಂತಿದ್ದಳು.

“ಕಾಶಿಗೆ ಗೊತ್ತಾದ್ರೆ?” ಎಂದಳು.

ನಗು ನಿಂತಿತು. ಕಾಶಿ ತುಳಸಜ್ಜಿಯ ಮೊಮ್ಮಗಳು. ಸಮುದ್ರದ ಬದಿಯ ಮೀನುಗಾರರ ಕೇರಿಯಿಂದ ನಲವತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಮಾಳಿಗೆಮನೆಗೆ ಬರುವವಳು. ಕಲಾವತಿಯ ಬಾಣಂತನದಲ್ಲಿ ಯಾರೂ ಹೇಳದೆ ತಾನಾಗಿ ನೊಗ್ಲಿಮೀನು ತಂದು, ಮುಳ್ಳು ತೆಗೆದು ಕೊಟ್ಟು ಹೋದವಳು. ಕಲಾವತಿಯ ತಾಯಿ ತೀರಿಕೊಂಡ ವಾರ ಬುಟ್ಟಿಯಿಲ್ಲದೆ ಬರಿಗೈಯಲ್ಲಿ ಬಂದು ಬಾವಿಯಿಂದ ನೀರು ಸೇದಿ ತುಂಬಿಸಿಟ್ಟವಳು.

“ಕತೆ ಹಾಕಿದ್ದು ಫೋನಲ್ಲಿ. ಕಾಶಕ್ಕ ಫೋನು ನೋಡ್ತಾಳನೆ?” ಎಂದ ಭರತ.

“ಅವಳ ಮಗ ರವಿಕಿರಣ ನೋಡ್ತಾ.”

“ಅಂವ ಬೈತಖೋಲ ಬಂದರಲ್ಲಿ ಟ್ರಾಲರ್ ಮೇಲಿದ್ದ. ಹದಿನೈದು ದಿನಕ್ಕೆ ಒಂದ್ಸಲ ಬಂದು ನಿದ್ದೆ ಹೊಡೀತಾ. ಹೆದರ್ಬೇಡ ಮಾರಾಯ್ತಿ.”

ಆ ಹೊತ್ತಿನಿಂದಲೇ ಕಲಾವತಿಗೆ ಹೆದರಿಕೆ ಹತ್ತಿತು.

ಮರುದಿನ ಬೆಳಿಗ್ಗೆ ಹಿತ್ತಲ ಬೇಲಿಯ ದಣಪೆ ಸರಿಸಿದ ಸದ್ದು ಕೇಳಿದ್ದೇ ಅವಳು ಕೈಯ ಕೆಲಸ ಬಿಟ್ಟು ಹೊರಗೆ ಬಂದಳು. ಕಾಶಿ ಬುಟ್ಟಿ ಇಳಿಸಿ ಸಿಂಬಿ ಬಿಚ್ಚಿ ಮುಖ ಒರೆಸಿಕೊಂಡಳು. ಕಲಾವತಿ ಅವಳ ಮುಖವನ್ನೇ ಹುಡುಕಿದಳು. ಅಲ್ಲಿ ಕೋಪ ಇರಲಿಲ್ಲ. ಏನೋ ಸಂತೋಷ ಇತ್ತು.

“ಕಲಕ್ಕಾ, ಇವತ್ತು ತಾರ್ಲೆ ಬಿಟ್ರೆ ಎಂತಾ ಇಲ್ಲ. ದೊಡ್ಡದೆಲ್ಲ ಬೈತಖೋಲಕ್ಕೇ ಹೋತು. ಆದ್ರೆ ಇಕಾ, ಇದು ತಕಾ.” ಎಲೆಯಲ್ಲಿ ಸುತ್ತಿದ ಒಂದು ಹಿಡಿ ದಪ್ಪ ಶೆಟ್ಲಿ ಸಿಗಡಿಯನ್ನು ಕಲ್ಲಿನ ಮೇಲಿಟ್ಟಳು. “ದುಡ್ಡು ಬೇಡ. ಇದು ನನ್ನ ಲೆಕ್ಕದ್ದು.”

“ಎಂತಕ್ಕೆ?”

“ಎಂತಕ್ಕೆ ಅಂತೆ! ಮುಚ್ಚಿಡ್ತ್ಯಾ? ದೀಕ್ಷಾ ಓದಿ ಹೇಳ್ತು ನಂಗೆ. ನನ್ನ ಅಜ್ಜಿ ಹೆಸ್ರು ಬಾಗ್ಲ ಮೇಲೆ ಹಾಕಿದ್ಯಂತೆ, ಕೆತ್ತಿ.” ಕಾಶಿಯ ಕಣ್ಣು ಒದ್ದೆಯಾಗಿತ್ತು. “ಉಪ್ಪಿನ ಹೋರಾಟ ಅಂತ ಎಷ್ಟು ಜನಕ್ಕೆ ಶಾಲು ಹೊದಿಸಿದ್ರು. ನನ್ನ ಅಜ್ಜಿಗೆ ಯಾರೂ ಒಂದು ಹೂವು ಕೊಡ್ಲಿಲ್ಲ. ನೀ ಹೆಸ್ರು ಹಾಕ್ದೆ. ಕೇರಿಯವ್ರಿಗೆಲ್ಲ ಹೇಳಿ ಬಂದೆ ನಾ.”

“ಕೇರಿಯವ್ರಿಗಾ?”

“ಮತ್ತೆ? ಒಂದಿನ ಎಲ್ಲ ಬತ್ತೊ ನೋಡೂಕೆ.”

ಕಲಾವತಿ ಶೆಟ್ಲಿಯನ್ನು ಒಳಗೆ ತಂದು ಪಾತ್ರೆಯಲ್ಲಿ ಮುಚ್ಚಿಟ್ಟಳು. ಸೊಸೆ ಸುಲಿದು ಸಾರು ಮಾಡಿದಾಗ ತಾನು ಬರಿ ಮಜ್ಜಿಗೆ ಅನ್ನ ಉಂಡಳು.

ಹೇಳಿಬಿಡಬೇಕು ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುವಳು. ದಣಪೆ ಸರಿಯುತ್ತಿದ್ದ ಹಾಗೆ ಮೀನಿನ ದರ ಕೇಳಿಬಿಡುವಳು. ಕಾಶಿ ತುಸು ತಡವಾಗಿ ಬಂದರೆ, ಗೊತ್ತಾಯಿತೇನೋ ಎಂದು ಬೇಲಿಯ ತನಕ ಹೋಗಿ ನೋಡುವಳು. ಕಾಶಿ ಹೋದ ಮೇಲೆ, ನಾಳೆ ಹೇಳಿದರಾಯಿತು ಎಂದು ಮೀನು ತೊಳೆಯಲು ಕೂರುವಳು. ಹೀಗೆ ಎರಡು ವಾರ ಹೋಯಿತು.

ಅಷ್ಟರೊಳಗೆ ಹೆದರಿಕೆ ಮನೆಯ ಇನ್ನೊಬ್ಬರಿಗೆ ಅಂಟಿತ್ತು. ದೀಕ್ಷಾಗೆ ಎಂಟು ವರ್ಷ. ಜಗಲಿಯಲ್ಲಿ ಅಪ್ಪ ಹೇಳುವ ಕತೆಯನ್ನು ಅವಳು ಎಷ್ಟು ಸಲ ಕೇಳಿದ್ದಳೋ. ಮೊದಲು ಮೆಟ್ಟಿಲ ಹತ್ತಿರ ಹೋಗುವುದನ್ನು ಬಿಟ್ಟಳು. ಆಮೇಲೆ ಬಚ್ಚಲಿಗೆ ಒಬ್ಬಳೇ ಹೋಗುವುದನ್ನು. ಆಮೇಲೆ ಹಾಸಿಗೆ ಒದ್ದೆಯಾಗತೊಡಗಿತು. ರಂಜನಾ ಮಗಳು ಏಳುವ ಮುಂಚೆಯೇ ಹಾಸು ಬದಲಿಸಿ, ಅತಿಥಿಗಳ ಹಾಸುಗಳ ಜತೆ ಸೇರಿಸಿ ಒಗೆದುಹಾಕುವಳು. ಮಗುವಿಗೆ ತಾನು ಮಾಡಿದ್ದು ಗೊತ್ತೇ ಆಗದ ಹಾಗೆ. ಸೋಮು ಮಾಸ್ತರರು ಮೊಮ್ಮಗಳು ಸ್ನಾನಕ್ಕೆ ಹೋದಾಗ ಬಚ್ಚಲ ಹೊರಗೆ ಸ್ಟೂಲು ಹಾಕಿ ಕೂತು, ತನ್ನ ದನಿ ಅವಳಿಗೆ ಕೇಳುತ್ತಿರಲೆಂದು ಹದಿಮೂರರ ಮಗ್ಗಿ ಹೇಳುವರು. ನಡುವೆ ನಿಂತರೆ ಒಳಗಿನಿಂದ ಕೂಗು ಬರುವುದು: “ಅಜ್ಜಾ, ಇದ್ಯಾ?”

“ಇದ್ದೆ ಇದ್ದೆ. ಹದಿಮೂರೇಳ್ಲಿ ತೊಂಬತ್ತೊಂದು.”

ಒಂದು ಮಧ್ಯಾಹ್ನ ಕಲಾವತಿ ಕುಚಲಕ್ಕಿ ಆರಿಸುತ್ತಿದ್ದಾಗ ಹುಡುಗಿ ಬಂದು ಅವಳ ಬೆನ್ನಿಗೆ ಆತುಕೊಂಡಿತು.

“ಅಜ್ಜಿ, ತುಳಸಜ್ಜಿ ಮಕ್ಕಳಿಗೂ ಹಿಡೀತ್ಯ?”

“ತುಳಸಜ್ಜಿ ಇಲ್ಲ ತಂಗಿ. ಅದೆಲ್ಲ ಸುಳ್ಳು.”

“ಹಾಂಗಾರೆ ಅಪ್ಪ ಸುಳ್ಳು ಹೇಳೂದಾ?”

ಕಲಾವತಿಯ ಬೆರಳು ಅಕ್ಕಿಯ ಮೇಲೆ ನಿಂತಿತು. ಅಪ್ಪನಲ್ಲ, ನಾನು ಎನ್ನಬೇಕಿತ್ತು. “ಹೋಗಿ ಆಟ ಆಡು” ಎಂದಳು.

ಇದನ್ನು ಒಳಗಿನಿಂದ ಕೇಳಿಸಿಕೊಂಡ ರಂಜನಾ ಆ ಸಂಜೆ ಒಲೆಯ ಮುಂದೆ ತಡೆಯಲಾರದೆ ಹೋದಳು. ಕಾರವಾರದ ಮನೆಯ ಹುಡುಗಿ, ಸಿಟ್ಟು ಬಂದರೆ ಅರ್ಧ ಮಾತು ಕೊಂಕಣಿಗೆ ತಿರುಗುವುದು. ಆ ದಿನ ಮಾತ್ರ ಕನ್ನಡದಲ್ಲೇ ನಿಧಾನವಾಗಿ ಹೇಳಿದಳು. “ಅತ್ತೆ, ಮಕ್ಕಳಿಗೆ ಹೆದ್ರಿಸೂ ಅಂಗಡಿ ನೀವು ತೆಗದ್ರಿ. ನಿಮ್ಮ ಮಗ ಬೋರ್ಡು ಹಾಕಿದ್ರು. ಗಿರಾಕಿ ಮಾತ್ರ ನನ್ನ ಮಗಳು.”

“ಹೌದು” ಎಂದಳು ಕಲಾವತಿ.

ಅತ್ತೆ ಜಗಳವಾಡುವಳೆಂದು ರಂಜನಾ ಸಿದ್ಧಳಾಗಿದ್ದಳು. ಈಗ ಅತ್ತೆಯ ಕೈಯಿಂದ ಮಗುಚುವ ಕೈ ತೆಗೆದುಕೊಂಡು, “ಕೂತ್ಕೊಳ್ಳಿ, ರೊಟ್ಟಿ ನಾ ಬೇಯಿಸ್ತೆ” ಎಂದಳು.

ಮೂರನೆಯ ವಾರ ಭರತ ಕುಣಿಯುತ್ತ ಒಳಗೆ ಬಂದ. ಯೂಟ್ಯೂಬಿನಲ್ಲಿ ಭೂತದ ಮನೆಗಳನ್ನು ತೋರಿಸುವ ರೋಷನ ಎಂಬವನು ಶನಿವಾರ ಕ್ಯಾಮೆರಾ ತೆಗೆದುಕೊಂಡು ಬರುವವನಿದ್ದ. “ಅವ್ನ ವಿಡಿಯೊ ಎಂಟು ಲಕ್ಷ ಜನ ನೋಡ್ತ್ರು ಅವ್ವ. ಒಂದ್ಸಲ ಬಂತಂದ್ರೆ ಮೇ ತಿಂಗಳ ತನಕ ಒಂದು ಕೋಣೆ ಖಾಲಿ ಇರೂದಿಲ್ಲ.”

“ಬೇಡ ಅನ್ನು.”

“ಎಂತ?”

“ಬರೂದು ಬೇಡ ಅಂತ ಹೇಳು. ಎಂಟು ಲಕ್ಷ ಜನದಲ್ಲಿ ಕಾಶಿ ಕೇರಿಯವ್ರು ಯಾರೂ ಇರೂದಿಲ್ವಾ?”

ಭರತ ತಲೆ ಕೆರೆದುಕೊಂಡ. ಅವನ ಮುಖ ನೋಡಿಯೇ ಕಲಾವತಿಗೆ ಇನ್ನೂ ಏನೋ ಇದೆ ಎಂದು ತಿಳಿಯಿತು.

“ಅಂವ ಕಾಶಕ್ಕನ ಹತ್ರಾನೂ ಮಾತಾಡ್ಬೇಕಂತೆ. ತುಳಸಜ್ಜಿಯ ಮೊಮ್ಮಗಳು ದಿನಾ ಮೀನು ತರ್ತಾಳೆ ಅಂತ ನಾನು ಬಾಯಿ ತಪ್ಪಿ ಹೇಳ್ಬಿಟ್ಟೆ. ‘ಅಜ್ಜಿ ನಿಮಗೆ ಕಾಣಿಸ್ಕೊಂಡಿದ್ದು ಉಂಟಾ’ ಅಂತ ಎರಡು ಮಾತು ಕೇಳ್ತಾನೆ ಅಷ್ಟೇ. ನಾ ಮೊದಲೇ ಕಾಶಕ್ಕಂಗೆ ಹೇಳಿ ಇಡ್ತೆ, ತಮಾಷೆಗೆ ಅಂತ.”

“ತಮಾಷೆಗಾ?” ಸೋಮು ಮಾಸ್ತರರು ಪೇಪರು ಕೆಳಗಿಟ್ಟರು. ಅವರ ದನಿ ಏರಿದ್ದನ್ನು ಮನೆಯವರು ಕೇಳಿ ವರ್ಷಗಳಾಗಿದ್ದವು. “ಆ ಹೆಂಗಸು ಮುರಿದ ಕಾಲಲ್ಲಿ ನಾಲ್ಕು ತಿಂಗಳು ಈ ಮಾಳಿಗೆ ಮೇಲೆ ಮಲಗಿದ್ದಳೋ. ನಿನ್ನ ಅವ್ವನ ಅಜ್ಜಿ ದಿನಾ ಎಣ್ಣೆ ತಿಕ್ಕಿದ್ರು. ಪೊಲೀಸರು ಎರಡು ಸಲ ಬಂದು ಮನೆ ಜಪ್ತಿ ಮಾಡ್ತೆವು ಅಂದ್ರೂ ಅವಳನ್ನ ಕೊಡ್ಲಿಲ್ಲ. ಅವಳೂ ಒಬ್ಬರ ಹೆಸರು ಬಾಯಿ ಬಿಡ್ಲಿಲ್ಲ. ಕೂಡಿ ಹಾಕಿ ಕೊಂದ ಮನೆ ಮಾಡ್ದೆ ನೀನು ಇದನ್ನ!”

“ಹಾಂಗಾರೆ ನೀವು ಯಾಕೆ ಇಷ್ಟು ದಿನ ಸುಮ್ನಿದ್ರಿ?” ಭರತನೂ ದನಿಯೇರಿಸಿದ. “ಕೋಣೆ ತುಂಬ್ತಾ ಇತ್ತು ಅಂತ ತಾನೇ?”

ಮಾಸ್ತರರು ಪೇಪರು ಎತ್ತಿಕೊಂಡರು.

ಶುಕ್ರವಾರ ಬೆಳಿಗ್ಗೆ ಕಲಾವತಿ ದಣಪೆಯ ಹೊರಗೇ ಹೋಗಿ ಕಾದು ನಿಂತಳು. ಈ ದಿನ ಹೇಳದಿದ್ದರೆ ನಾಳೆ ಕ್ಯಾಮೆರಾ ಹೇಳುತ್ತದೆ. ಕಾಶಿ ಬಂದಳು. ಆದರೆ ಜತೆಗೆ ಕೇರಿಯ ಇನ್ನಿಬ್ಬರು ಹೆಂಗಸರಿದ್ದರು, ತಲೆಗೆ ಹೂ ಮುಡಿದುಕೊಂಡು. ಹೆಸರು ನೋಡಲು ಬಂದವರು. ಕಲಾವತಿಯೇ ಅವರನ್ನು ಮಾಳಿಗೆಗೆ ಕರೆದುಕೊಂಡು ಹೋದಳು. ಕಾಶಿ ಫಲಕದ ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಾಡಿಸಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡಳು. ಕಲಾವತಿ ಮೂವರಿಗೂ ಚಹಾ ಕೊಟ್ಟಳು. ಏನೂ ಹೇಳಲಿಲ್ಲ.

ಆ ದಿನ ಶಾಲೆ ಬಿಟ್ಟು ಒಂದು ತಾಸಾದರೂ ದೀಕ್ಷಾ ಮನೆಗೆ ಬರಲಿಲ್ಲ.

ಜತೆಯಲ್ಲಿ ನಡೆದು ಬರುವ ಮಕ್ಕಳು, ಅವಳು ತಮ್ಮೊಂದಿಗೆ ಬರಲೇ ಇಲ್ಲ ಎಂದರು. ಮಾಸ್ತರರು ಚಪ್ಪಲಿ ಅದಲುಬದಲು ಹಾಕಿಕೊಂಡು ಶಾಲೆಗೆ ಓಡಿದರು. ಭರತ ಬೈಕು ಹತ್ತಿ ಹೆದ್ದಾರಿಯ ಕಡೆ ಹೋದ. ರಂಜನಾ ಫೋನು ಕಿವಿಗಿಟ್ಟುಕೊಂಡು, ಎತ್ತಿದವರಿಗೆಲ್ಲ ಕೊಂಕಣಿ ಕನ್ನಡ ಕಲಸಿ ಏನೋ ಹೇಳುತ್ತಿದ್ದಳು. ಕಲಾವತಿ ಬಾವಿಗೆ ಬಗ್ಗಿದಳು. ನೀರಿನಲ್ಲಿ ತನ್ನದೇ ತಲೆ ಕಂಡು ಹಿಂದೆ ಸರಿದಳು. ಹುಲ್ಲಿನ ಗೊಣವೆಯ ಹಿಂದೆ, ಕೊಟ್ಟಿಗೆಯ ಅಟ್ಟದಲ್ಲಿ, ಹಳೆಯ ಒರಳಿನ ಮೂಲೆಯಲ್ಲಿ ನೋಡಿದಳು. ಉಳಿದದ್ದು ಮಾಳಿಗೆ.

ಅಲ್ಲಿಗೆ ಹುಡುಗಿ ಹೋಗುವವಳಲ್ಲವೆಂದು ಗೊತ್ತಿದ್ದೂ ಹತ್ತಿದಳು. ಆ ದಿನ ಅತಿಥಿಗಳಿರಲಿಲ್ಲ. ಮೇಲಿನ ಮೆಟ್ಟಿಲು ತಲುಪುವಾಗ ಒಳಗಿನಿಂದ ಕೇಳಿತು: ಟಕ್. ಸ್ವಲ್ಪ ಹೊತ್ತು ಬಿಟ್ಟು, ಟಕ್. ಕೊಂಡಿಯಿಲ್ಲದ ಕಿಟಕಿಯ ಬಾಗಿಲು ಗಾಳಿಗೆ ಹೊಡೆದುಕೊಳ್ಳುತ್ತಿದೆಯೆಂದು ಅವಳಿಗೆ ಗೊತ್ತು. ಸಾವಿರ ಸಲ ಕೇಳಿದ ಸದ್ದು. ಆದರೂ ಅರವತ್ತನಾಲ್ಕು ವರ್ಷ ಬಾಳಿದ ತನ್ನದೇ ಮನೆಯ ಮೆಟ್ಟಿಲ ಮೇಲೆ ಗೋಡೆ ಹಿಡಿದು ಕೂತುಬಿಟ್ಟಳು. ತಾನು ಹುಟ್ಟಿಸಿದ್ದೇ ತನ್ನ ಮಗುವನ್ನು ಎತ್ತಿಕೊಂಡು ಹೋಯಿತು ಎನಿಸಿತು. “ತುಳಸಜ್ಜಿ, ಅದಕ್ಕೆ ಎಂತಾ ಮಾಡ್ಬೇಡ” ಎಂದು ಅವಳ ಬಾಯಿಯೇ ಹೇಳಿತು.

ಕೆಳಗೆ ರಂಜನಾ ಚೀರಿದಳು. “ಸಿಕ್ತು! ಅತ್ತೆ, ಸಿಕ್ತು! ಕಾಶಕ್ಕನ ಮನೇಲಿ ಇದ್ದಂತೆ. ರವಿಕಿರಣ ಫೋನು ಮಾಡ್ದ!”

ಎರಡು ಮೈಲಿ. ಗದ್ದೆಯ ಹಾಳಿ, ಆಮೇಲೆ ಗಾಳಿತೋಪು, ಆಮೇಲೆ ಮರಳು. ಎಂಟು ವರ್ಷದ ಹುಡುಗಿ ಅಷ್ಟು ದೂರ ಒಬ್ಬಳೇ ನಡೆದಿದ್ದಳು. ಭರತ ತಾಯಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕೇರಿಗೆ ತಲುಪುವಾಗ ಹೊತ್ತು ಮುಳುಗುತ್ತಿತ್ತು. ರವಿಕಿರಣ ಅಂಗಳದಲ್ಲಿ ಬಲೆ ಮಡಚುತ್ತಿದ್ದ. ತಲೆಯೆತ್ತಲಿಲ್ಲ. ಜಗಲಿಯಲ್ಲಿ ಕಾಶಿ ಕೂತಿದ್ದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ದೀಕ್ಷಾ ಮಲಗಿತ್ತು. ಪಾದಕ್ಕೆ ಯಾರೋ ಅರಿಶಿನ ಹಚ್ಚಿದ್ದರು, ಮುಳ್ಳು ಚುಚ್ಚಿರಬೇಕು.

“ಎಬ್ಬಿಸ್ಬೇಡ” ಎಂದಳು ಕಾಶಿ. “ಹೆದ್ರಿ ಹೆದ್ರಿ ಈಗ ಮಲಗ್ತು.”

ಕಲಾವತಿ ಮೆಟ್ಟಿಲ ಕೆಳಗೇ ನಿಂತಳು.

“ಎಂತಕ್ಕೆ ಬಂದದ್ದು ಗೊತ್ತಾ ನಿನ್ನ ಮೊಮ್ಮಗಳು? ‘ಕಾಶಜ್ಜಿ, ನಿಮ್ಮ ಅಜ್ಜೀನ ನಿಮ್ಮನೆಗೆ ಕರ್ಕಂಡು ಬನ್ನಿ. ನಮ್ಮನೇಲಿ ಅದಕ್ಕೆ ಅನ್ನ ಕೊಡೂದಿಲ್ಲ. ಅದ್ಕೆ ತಿರಗ್ತದೆ’ ಅಂತು.” ಕಾಶಿಯ ದನಿ ಗಟ್ಟಿಯಾಗಿರಲಿಲ್ಲ. “ನಂಗೆ ತಿಳೀಲಿಲ್ಲ ಮೊದ್ಲು. ಆಮೇಲೆ ಪೂರಾ ಹೇಳ್ತು. ಟಕ್ ಅಂಬೂದನ್ನೂ ಮಾಡಿ ತೋರಿಸ್ತು.”

“ಕಾಶಕ್ಕಾ, ತಪ್ಪಾಯ್ತು” ಎಂದು ಭರತ ಶುರು ಮಾಡಿದ.

“ನೀ ಸುಮ್ನಿರು ತಮಾ.”

“ಅಂವ ಅಲ್ಲ ಕಾಶಿ” ಎಂದಳು ಕಲಾವತಿ. “ನಾನು. ಇಂವ ಸಣ್ಣವಿರುವಾಗ ಮಾಳಿಗೆ ಹತ್ಬಾರ್ದು ಅಂತ ನಾನೇ ಹೇಳಿದ್ದು. ನಿನ್ನ ಅಜ್ಜಿ ಹೆಸ್ರು ಹಿಡ್ದು, ಅವಳ ಕಾಲು ಹಿಡ್ದು.”

ಕಾಶಿ ಅವಳ ಕಡೆ ತಿರುಗಿದಳು.

“ಗುಮ್ಮ ಅಂದ್ರೆ ಆಗ್ತಿತ್ತಲ್ಲೆ. ಕಳ್ಳ ಅಂದ್ರೆ ಆಗ್ತಿತ್ತು. ನಾಯಿ ಅಂದ್ರೂ ಆಗ್ತಿತ್ತು.” ಅವಳು ಮಗುವಿನ ಹಣೆಯ ಕೂದಲು ಸರಿಸಿದಳು. “ಆ ಕಾಲು ನಿಮ್ಮನೆ ಉಪ್ಪಿಗೆ ಮುರಿದ ಕಾಲು ಕಲಕ್ಕಾ. ನನ್ನ ಅಜ್ಜಿ ಸತ್ತದ್ದು ಇಲ್ಲಿ, ಇದೇ ಜಗಲೀಲಿ. ಬಾಯಿಗೆ ನೀರು ಬಿಟ್ಟವಳು ನಾನು. ಬೆಳಿಗ್ಗೆ ನಾ ಹೆಸ್ರು ಕಣ್ಣಿಗೆ ಒತ್ಕಂಬುವಾಗ ಬದೀಲೇ ನಿಂತಿದ್ದೆಯಲ್ಲ. ಆಗ್ಲೂ ಬಾಯಿ ಬರ್ಲಿಲ್ವಾ ನಿಂಗೆ?”

“ಹೆದ್ರಿಕೆ ಆಗಿತ್ತು.”

“ಎಂತದ್ದು? ನಂದಾ?”

“ನೀ ಬರೂದು ಬಿಡ್ತೆ ಅಂತ.”

ಕಾಶಿ ಮಗುವಿನ ತಲೆಯನ್ನು ತೊಡೆಯಿಂದ ಮೆಲ್ಲಗೆ ಎತ್ತಿ ಭರತನ ಕೈಗೆ ಕೊಟ್ಟಳು. “ನಿಮ್ಮನೇಲಿದ್ದ ನನ್ನಜ್ಜಿ ನನ್ನ ಹತ್ರ ಬಂದಾಯ್ತು, ಬಾಗ್ಲು ಹಾಕಿ ಇಟ್ಕಂಡಿದ್ದೆ, ಇನ್ನು ನಿಮ್ಮನೆಗೆ ಬರೂದಿಲ್ಲ ಅಂತ ಇದಕ್ಕೆ ಹೇಳಿದ್ದೆ. ಅದನ್ನ ಸುಳ್ಳು ಮಾಡ್ಬೇಡಿ” ಎಂದಳು. ಆಮೇಲೆ ಕಲಾವತಿಯ ಕಡೆ ತಿರುಗದೆ, “ನಾಳಿಂದ ನಾ ಬರೂದಿಲ್ಲ” ಎಂದು ಒಳಗೆ ಹೋದಳು.

ಶನಿವಾರ ರೋಷನ ಬಂದ. ಸಭ್ಯ ಹುಡುಗ, ಮಾಸ್ತರರ ಕಾಲಿಗೂ ನಮಸ್ಕರಿಸಿದ. ಮೀನಿಲ್ಲದ ಊಟವನ್ನು ಕಲಾವತಿ ಬಡಿಸಿದಳು: ಅನ್ನ, ಬೇಳೆಸಾರು, ಹೀರೇಕಾಯಿ ಪಲ್ಯ. ಭರತ ಎದುರಿಗೆ ಕೂತು ಬಾಯಿ ತೆರೆಯುವ ಮುಂಚೆ ಅವಳು ಹೇಳಿದಳು.

“ಮಾಳಿಗೆ ಮೇಲೆ ಏನೂ ಇಲ್ಲ ತಮಾ. ತುಳಸಜ್ಜಿ ತನ್ನ ಮನೇಲಿ, ಮಕ್ಕಳು ಮೊಮ್ಮಕ್ಕಳ ನಡುವೆ, ಎಪ್ಪತ್ತನಾಲ್ಕು ವರ್ಷಕ್ಕೆ ಸತ್ತಳು. ಅದು ತಿರುಗ್ತದೆ ಅಂಬುದು ನನ್ನ ಸುಳ್ಳು. ಬೇಕಾದ್ರೆ ನನ್ನ ಮುಖ ಹಿಡಿದು ತಕಂಡು ಹೋಗು.”

ರೋಷನ ಭರತನನ್ನು ನೋಡಿದ. ಭರತ ತಟ್ಟೆ ನೋಡಿದ. “ಅಜ್ಜಿ, ನೀವು ಹೇಳೋದು ಚೆನ್ನಾಗಿದೆ. ಆದರೆ ನನ್ನ ಚಾನೆಲ್ಲಿಗೆ ಆಗಲ್ಲ” ಎಂದ ರೋಷನ. ಹೀರೇಕಾಯಿ ಪಲ್ಯ ಎರಡನೇ ಸಲ ಹಾಕಿಸಿಕೊಂಡು ಉಂಡು, ಮೂರು ಗಂಟೆಗೆ ಹೊರಟುಹೋದ.

ಆಮೇಲಿನ ದಿನಗಳಲ್ಲಿ ಭರತ ತಾಯಿಯೊಡನೆ ಮಾತಾಡಲಿಲ್ಲ. “ಚಹಾ” ಎಂದರೆ ಕಪ್ಪು ಮುಂದಿಡುವನು, “ಊಟ” ಎಂದರೆ ಏಳುವನು. ಫಲಕವನ್ನು ತಿರುಪು ಬಿಚ್ಚಿ ತೆಗೆದದ್ದು ಅವನೇ. ಕಿಟಕಿಗೆ ಕೊಂಡಿ ಬಡಿದದ್ದೂ ಅವನೇ; ಯಾರೂ ಹೇಳಿರಲಿಲ್ಲ. ಭೂತ ಇದೆಯೇ ಎಂದು ಕೇಳಿ, ಇಲ್ಲವೆಂದ ಮೇಲೆ ಇಬ್ಬರು ಬರುವುದು ರದ್ದು ಮಾಡಿದರು. ಡಿಸೆಂಬರಿನ ರಜೆಗೂ ಎರಡು ಕೋಣೆ ಖಾಲಿ. ಒಂದು ದಿನ ಕಲಾವತಿ ಬಾಗಿಲ ಹಿಂದೆ ನಿಂತಿದ್ದಾಗ ಅವನು ಫೋನಿನಲ್ಲಿ ಹೇಳುವುದು ಕೇಳಿತು: “ಇಲ್ಲ ಸರ್, ಮೇಲೆ ಅಂಥಾದ್ದೇನೂ ಇಲ್ಲ. ಸಮುದ್ರದ ಗಾಳಿ ಚೆನ್ನಾಗಿ ಬರ್ತದೆ, ಅಷ್ಟೇ.” ದೀಕ್ಷಾ ಬಚ್ಚಲಿಗೆ ಒಬ್ಬಳೇ ಹೋಗತೊಡಗಿದ್ದಳು. ಮಾಸ್ತರರು ಅಭ್ಯಾಸಬಲದಿಂದ ಹೊರಗೆ ಸ್ಟೂಲಿನಲ್ಲಿ ಕೂತೇ ಇರುವರು.

ಕಾಶಿ ಬರಲಿಲ್ಲ. ಬೇರೊಬ್ಬಳು ಸ್ಕೂಟಿಯಲ್ಲಿ ಮೀನು ತಂದು ಕೊಡುತ್ತಿದ್ದಳು. ಐಸಿನಲ್ಲಿಟ್ಟ ಮೀನು, ಚೀಲದಲ್ಲಿ ಸುರಿದು ಹೋಗುವಳು. ಕಾಶಿ ಈಗ ಅಂಕೋಲೆಯ ಮೀನು ಮಾರ್ಕೆಟ್ಟಿನಲ್ಲಿ ಕೂರುತ್ತಾಳೆಂದು ಅವಳೇ ಹೇಳಿದಳು. ಬೆಳಿಗ್ಗೆ ದಣಪೆಯ ಕಡೆ ಕಿವಿಗೊಟ್ಟು ಏಳುವ ಕಲಾವತಿಯ ಅಭ್ಯಾಸ ಮಾತ್ರ ಹೋಗಲಿಲ್ಲ. ಇನ್ನು ಎಂದೂ ಆ ಸದ್ದು ಬಾರದೇ ಹೋದರೆ ಎಂಬುದು ಈಗಿನ ಹೆದರಿಕೆ. ಇದು ಮೊದಲಿನದಕ್ಕಿಂತ ದೊಡ್ಡದು.

ಹತ್ತೊಂಬತ್ತನೆಯ ದಿನ ಅವಳು ಯಾರಿಗೂ ಹೇಳದೆ ಬಸ್ಸು ಹತ್ತಿ ಅಂಕೋಲೆಗೆ ಹೋದಳು. ಮಾರ್ಕೆಟ್ಟಿನ ಕೊನೆಯ ಸಾಲಿನಲ್ಲಿ, ನೀರು ಹರಿಯುವ ತೂಬಿನ ಪಕ್ಕ, ಹೊಸದಾಗಿ ಬಂದವರಿಗೆ ಬಿಡುವ ಜಾಗದಲ್ಲಿ ಕಾಶಿ ಕೂತಿದ್ದಳು. ನೋಡಿದಳು. ನೋಡಿಯೂ ನೋಡದ ಹಾಗೆ ಬಂಗಡೆಯ ಮೇಲೆ ನೀರು ಚಿಮುಕಿಸಿದಳು.

“ಫಲಕ ತೆಗೆದಾಯ್ತು” ಎಂದಳು ಕಲಾವತಿ.

ಕಾಶಿ ಮೀನುಗಳನ್ನು ಸಾಲಾಗಿ ಜೋಡಿಸಿದಳು.

“ಕೇಳಿದವ್ರಿಗೆಲ್ಲ ಇದ್ದದ್ದನ್ನೇ ಹೇಳ್ತಾ ಇದ್ದೊ.”

“ಗಿರಾಕಿ ಬಂದ್ರು, ಬದಿಗೆ ಸರಿ” ಎಂದಳು ಕಾಶಿ.

ಕಲಾವತಿ ಬದಿಗೆ ಸರಿದಳು. ನಿಂತು ಕಾಲು ನೋಯತೊಡಗಿದಾಗ ಸೀರೆಯ ಅಂಚು ಎತ್ತಿಕೊಂಡು ತೂಬಿನ ಕಟ್ಟೆಯ ಮೇಲೆ ಕೂತಳು. ಒಬ್ಬರು ನೂರಕ್ಕೆ ಎಷ್ಟು ಎಂದು ಕೇಳಿದರು. ಕಾಶಿ ಚಿಲ್ಲರೆ ಹುಡುಕುತ್ತಿದ್ದಳು. ಕಲಾವತಿ ಬಾಯಿಗೆ ಬಂದ ಹಾಗೆ “ಹತ್ತು” ಎಂದುಬಿಟ್ಟಳು. “ಹತ್ತಾ!” ಕಾಶಿ ತಿರುಗಿದಳು. “ಆರು ರೀ, ಆರು! ಇವ್ರಿಗೆ ಎಂತ ಗೊತ್ತಿಲ್ಲ, ಇವ್ರು ತಿಂಬವ್ರು ಮಾತ್ರ.” ಪಕ್ಕದ ಹೆಂಗಸರು ಬಿದ್ದು ಬಿದ್ದು ನಕ್ಕರು. ಗಿರಾಕಿಯೂ ನಕ್ಕು, ಕಲಾವತಿಯನ್ನು ನೋಡಿ, “ನಿಮ್ಮ ಅಕ್ಕನಾ?” ಎಂದು ಕಾಶಿಯನ್ನು ಕೇಳಿದರು. ಕಾಶಿ ಚೀಲಕ್ಕೆ ಮೀನು ತುಂಬಿ ಕೊಟ್ಟಳು, ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಕಲಾವತಿ ಎದ್ದು ಹೋಗಲಿಲ್ಲ. ಗೋಣಿಯ ತುಂಡೊಂದು ಸಿಕ್ಕಿತು. ಅದನ್ನು ಬೀಸಿ ನೊಣ ಓಡಿಸುತ್ತ ಕೂತಳು. ಹನ್ನೆರಡೂವರೆಗೆ ಗಿರಾಕಿಗಳು ಕಡಿಮೆಯಾದರು. ಸಾಲಿನ ಹೆಂಗಸರು ಕೈ ತೊಳೆದು, ಒಬ್ಬರೊಬ್ಬರಾಗಿ ಬುಟ್ಟಿಯ ಹಿಂದಿನಿಂದ ಡಬ್ಬಿಗಳನ್ನು ತೆಗೆದರು. ಕಲಾವತಿಯ ಕಣ್ಣು ನೆಲದ ಮೇಲೆಯೇ ಇತ್ತು. ಈಗ ಹೋಗು ಎನ್ನುತ್ತಾಳೆ ಎಂದು ಕಾಯುತ್ತಿದ್ದಳು.

ಕಾಶಿ ತನ್ನ ಡಬ್ಬಿ ಬಿಚ್ಚಿದಳು. ಮುಚ್ಚಳವನ್ನು ಅಂಗಾತ ಮಾಡಿ, ಕುಚಲಕ್ಕಿ ಅನ್ನದಲ್ಲಿ ಅರ್ಧವನ್ನು ಕೈಯಿಂದ ಅದಕ್ಕೆ ಸರಿಸಿದಳು. ಮೇಲೆ ಸಾರು ಸುರಿದಳು. ಇದ್ದ ಎರಡು ತಾರ್ಲೆಯಲ್ಲಿ ದೊಡ್ಡದನ್ನು ಎತ್ತಿ, ನಡುಮುಳ್ಳನ್ನು ಎಳೆದು ತೆಗೆದು, ಅನ್ನದ ಬದಿಗಿಟ್ಟಳು. ಮುಖವನ್ನು ರಸ್ತೆಯ ಕಡೆಗೇ ಇಟ್ಟುಕೊಂಡು, ಮುಚ್ಚಳವನ್ನು ಕಲಾವತಿಯ ಮಡಿಲಿನತ್ತ ಚಾಚಿ ಹಿಡಿದಳು.